ಆರ್ಟ್ಸ್ ಓದಿದವರು ಖಾತೆ ಬರೆಯಲು ಕೂತಾಗ

ಒಂದು ಹವ್ಯಾಸಿ ನಾಟಕ ತಂಡ ಇದೆ ಎಂದುಕೊಳ್ಳಿ. ಏಪ್ರಿಲ್ 1ರಂದು ಸದಸ್ಯರೆಲ್ಲ ಸೇರಿ ಒಂದು ಲಕ್ಷ ರೂಪಾಯಿ ಕೂಡಿಸಿ ತಂಡ ಕಟ್ಟಿದರು. ಅದೇ ವಾರ 60,000 ರೂಪಾಯಿಗೆ ವೇಷಭೂಷಣ, ದೀಪದ ಸಾಮಾನು ಕೊಂಡರು. ಫೆಬ್ರುವರಿಯಲ್ಲಿ ಪ್ರದರ್ಶನವಾಯಿತು, ಟಿಕೆಟ್ಟಿನಿಂದ 45,000 ಬಂತು, ಪ್ರಚಾರಕ್ಕೆ, ಓಡಾಟಕ್ಕೆ, ಊಟಕ್ಕೆ 20,000 ಹೋಯಿತು. ರಂಗಮಂದಿರದ ಬಾಡಿಗೆ 8,000 ಇನ್ನೂ ಕೊಟ್ಟಿಲ್ಲ. ಮಾರ್ಚ್ 28ರಂದು ಪಕ್ಕದ ಊರಿನ ಸಂಘವೊಂದು ಏಪ್ರಿಲ್‌ನಲ್ಲಿ ನಾಟಕ ಆಡಿಸಲು 30,000 ಮುಂಗಡ ಕೊಟ್ಟಿತು. ಮಾರ್ಚ್ 31ರ ಸಂಜೆ ಎಣಿಸಿದರೆ ಕೈಯಲ್ಲಿ 95,000 ಇದೆ. ಒಂದು ಲಕ್ಷ ಹಾಕಿದ್ದೆವು, ಐದು ಸಾವಿರ ಕಳೆದುಕೊಂಡೆವು ಎಂದು ಕಾರ್ಯದರ್ಶಿ ಸಭೆಗೆ ವರದಿ ಒಪ್ಪಿಸುತ್ತಾರೆ.

ಅವರು ಕೂಡಿದ್ದರಲ್ಲಿ, ಕಳೆದದ್ದರಲ್ಲಿ ಒಂದು ರೂಪಾಯಿಯ ತಪ್ಪೂ ಇಲ್ಲ. ಆದರೂ ವರದಿ ತಪ್ಪು. ಮುಂಗಡವಾಗಿ ಬಂದ 30,000 ಈ ವರ್ಷದ ಆದಾಯವಲ್ಲ; ನಾಟಕ ಇನ್ನೂ ಆಡಿಲ್ಲ, ಆಡದೇ ಹೋದರೆ ಆ ದುಡ್ಡನ್ನು ಹಿಂದಿರುಗಿಸಬೇಕು, ಹಾಗಾಗಿ ಅದು ತಂಡದ ಮೇಲಿನ ಹೊಣೆ. ಬಾಡಿಗೆಯ 8,000 ಕೈಬಿಟ್ಟು ಹೋಗದಿದ್ದರೂ ಈ ವರ್ಷದ ಖರ್ಚೇ, ಏಕೆಂದರೆ ರಂಗಮಂದಿರ ಬಳಸಿದ್ದು ಫೆಬ್ರುವರಿಯಲ್ಲಿ. ವೇಷಭೂಷಣ ಐದು ವರ್ಷ ಬಾಳುತ್ತದೆ ಎಂದು ಅಂದಾಜು ಮಾಡಿದರೆ ಈ ವರ್ಷದ ಸವಕಳಿ 12,000. ಮಿಕ್ಕ 48,000 ಇನ್ನೂ ಟ್ರಂಕಿನಲ್ಲಿ ಬಟ್ಟೆಯಾಗಿ, ದೀಪವಾಗಿ ಕೂತಿದೆ. ಹೀಗೆ ನೋಡಿದರೆ ಆದಾಯ 45,000. ಖರ್ಚು 20,000, 8,000, 12,000 ಸೇರಿ 40,000. ತಂಡಕ್ಕೆ ಐದು ಸಾವಿರ ಉಳಿದಿದೆ. ಆಸ್ತಿಯ ಕಡೆ ನಗದು 95,000, ಸಾಮಾನು 48,000, ಒಟ್ಟು 1,43,000. ಹೊಣೆಯ ಕಡೆ ಸದಸ್ಯರ ಬಂಡವಾಳ 1,00,000, ವರ್ಷದ ಉಳಿಕೆ 5,000, ಮುಂಗಡ 30,000, ಬಾಡಿಗೆ ಬಾಕಿ 8,000, ಅಲ್ಲಿಯೂ 1,43,000. ಎರಡೂ ಕಡೆ ತಾಳೆಯಾಯಿತು.

ಈ ಲೆಕ್ಕಕ್ಕೆ ಬೇಕಾದ ಗಣಿತ ಏಳನೇ ತರಗತಿಯದು. ಕಷ್ಟವಿರುವುದು ಬೇರೆ ಕಡೆ. ಒಂದು ಘಟನೆ ನಿಜವಾಗಿ ನಡೆದದ್ದು ಯಾವಾಗ? ಬಂದ ದುಡ್ಡು ಯಾರದು? ಒಂದು ವಸ್ತುವಿನ ಉಪಯೋಗ ಎಷ್ಟು ಕಾಲ ಉಳಿಯುತ್ತದೆ, ಅದನ್ನು ಅಂದಾಜಿಸುವವರು ಯಾರು, ಆ ಅಂದಾಜನ್ನು ನಂಬಬಹುದೇ? ಇತಿಹಾಸ, ಸಾಹಿತ್ಯ, ರಾಜ್ಯಶಾಸ್ತ್ರ ಓದಿದವರು ಕೇಳಿ ಅಭ್ಯಾಸವಾದ ಪ್ರಶ್ನೆಗಳು ಇವು. ಆರ್ಟ್ಸ್ ಬಿಟ್ಟು ಲೆಕ್ಕಶಾಸ್ತ್ರಕ್ಕೆ ಬರುವವರಿಗೆ ಇಷ್ಟು ಬಂಡವಾಳ ಮೊದಲೇ ಇರುತ್ತದೆ. ಇಲ್ಲದಿರುವುದು ಕೈಯ ಪಳಗಿಕೆ. ನನ್ನ ಮಟ್ಟಿಗೆ ಈ ಬದಲಾವಣೆಯ ಸೋಲು ಗೆಲುವು ನಿಂತಿರುವುದು ಆ ಪಳಗಿಕೆಯನ್ನು ಎಲ್ಲಿ, ಹೇಗೆ ಪಡೆಯುತ್ತೀರಿ ಎಂಬುದರ ಮೇಲೆ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಹದಿನಾರರ ಮಕ್ಕಳ ವಿಂಗಡಣೆ ಮುಗಿದುಬಿಡುತ್ತದೆ. ಹೆಚ್ಚು ಅಂಕ ಬಂದವರು ಸೈನ್ಸ್, ನಡುವಿನವರು ಕಾಮರ್ಸ್, ಉಳಿದವರು ಆರ್ಟ್ಸ್ ಎಂಬ ಮಾತು ಎಷ್ಟೋ ಮನೆಗಳಲ್ಲಿ ಶಾಸನದಂತೆ ನಡೆಯುತ್ತದೆ. ಇದು ಅನ್ಯಾಯ, ಮತ್ತು ವಾಸ್ತವಕ್ಕೆ ದೂರ. ನಮ್ಮ ಪಿಯು ಕಾಲೇಜುಗಳ ಸಂಯೋಜನೆಗಳನ್ನೇ ನೋಡಿ. ಕಲಾ ವಿಭಾಗದಲ್ಲಿ ಸಾಮಾನ್ಯವಾದ ಎಚ್‌ಇಪಿಎಸ್ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ವಾಣಿಜ್ಯ ವಿಭಾಗದ ಎಚ್‌ಇಬಿಎ ಎಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ನಾಲ್ಕರಲ್ಲಿ ಎರಡು ಒಂದೇ. ಹೆಚ್ಚುಕಡಿಮೆ ಬೇರೆ ಜಾತಿಯವರೆಂಬಂತೆ ಕಾಣುವ ಈ ಇಬ್ಬರು ವಿದ್ಯಾರ್ಥಿಗಳ ನಡುವೆ ಇರುವ ಅಂತರ ಎರಡು ವಿಷಯ, ಎರಡು ವರ್ಷ. ಚಿಕ್ಕದೆಂದು ಹೇಳುತ್ತಿಲ್ಲ, ಆದರೆ ಅಳೆಯಬಹುದಾದ ಅಂತರ, ದಾಟಬಹುದಾದದ್ದು.

ಲೆಕ್ಕಪತ್ರದ ಚರಿತ್ರೆಗೂ ಈ ಗೋಡೆ ಗೊತ್ತಿಲ್ಲ. ಇಂದು ಜಗತ್ತೆಲ್ಲ ಬಳಸುವ ಜೋಡಿ ನಮೂದಿನ ಪದ್ಧತಿಯನ್ನು ಮೊದಲು ಅಚ್ಚಿನಲ್ಲಿ ವಿವರಿಸಿದ ಲೂಕಾ ಪಾಚೋಲಿ ಫ್ರಾನ್ಸಿಸ್ಕನ್ ಸಂನ್ಯಾಸಿ, ಗಣಿತದ ಮೇಷ್ಟ್ರು. ವೆನಿಸ್‌ನಲ್ಲಿ 1494ರಲ್ಲಿ ಅಚ್ಚಾದ ಅವರ ದೊಡ್ಡ ಗಣಿತ ಗ್ರಂಥದಲ್ಲಿ ವ್ಯಾಪಾರಿಗಳ ಖಾತೆಗಳದು ಒಂದು ಭಾಗ. ಅದೇ ಪಾಚೋಲಿ ಚಿತ್ರಕಲೆ ಮತ್ತು ವಾಸ್ತುವಿನ ಅನುಪಾತಗಳ ಬಗ್ಗೆ ಬರೆದು 1509ರಲ್ಲಿ ಅಚ್ಚು ಹಾಕಿಸಿದ ಪುಸ್ತಕಕ್ಕೆ ಆಕೃತಿಗಳನ್ನು ಬರೆದುಕೊಟ್ಟವರು ಲಿಯೊನಾರ್ಡೊ ಡಾ ವಿಂಚಿ. ನಮ್ಮ ಮೈಸೂರಿನಲ್ಲಿ, 1905ರಲ್ಲಿ, ಓರಿಯೆಂಟಲ್ ಲೈಬ್ರರಿಯ ಓಲೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ ಆರ್. ಶಾಮಾಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. 1909ರಲ್ಲಿ ಅವರು ಪ್ರಕಟಿಸಿದ ಆ ಗ್ರಂಥದಲ್ಲಿ ಲೆಕ್ಕದ ಕಚೇರಿಯ ಮೇಲೆಯೇ ಒಂದು ಅಧ್ಯಾಯವಿದೆ: ಆಷಾಢದಲ್ಲಿ ವರ್ಷದ ಲೆಕ್ಕ ಒಪ್ಪಿಸಬೇಕು, ತಡಮಾಡಿದವರಿಗೆ ದಂಡ. ಅದರ ಮುಂದಿನ ಅಧ್ಯಾಯ ಅಧಿಕಾರಿಗಳು ಬೊಕ್ಕಸದ ಹಣ ನುಂಗುವ ನಲವತ್ತು ಬಗೆಗಳನ್ನು ಪಟ್ಟಿಮಾಡುತ್ತದೆ. ಇನ್ನು ಕಲ್ಯಾಣದ ಬಸವಣ್ಣ ಬಿಜ್ಜಳನ ಬಳಿ ಕರಣಿಕನಾಗಿ ಸೇರಿ ಭಂಡಾರಿಯಾದದ್ದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಈಗ ದಾರಿಗಳ ಮಾತು. ಪಿಯುಸಿಯಲ್ಲಿ ಆರ್ಟ್ಸ್ ಓದಿದವರಿಗೆ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಬಿ.ಕಾಂ. ಬಾಗಿಲು ಮುಚ್ಚಿಲ್ಲ, ಯಾವ ವಿಭಾಗದಲ್ಲಾದರೂ ಪಾಸಾಗಿದ್ದರೆ ಸೇರಬಹುದು. ಕಾಲೇಜುಗಳು ತಮ್ಮದೇ ಷರತ್ತು ಹಾಕುವುದುಂಟು, ಹಾಗಾಗಿ ಪ್ರವೇಶದ ಕೈಪಿಡಿ ಓದಿಯೇ ಅರ್ಜಿ ಹಾಕಬೇಕು. ಬಿ.ಎ. ಮುಗಿಸಿದವರದು ಇನ್ನೊಂದು ಸ್ಥಿತಿ. ಎಂ.ಕಾಂ.ಗೆ ನಮ್ಮ ಹೆಚ್ಚಿನ ವಿಶ್ವವಿದ್ಯಾಲಯಗಳು ವಾಣಿಜ್ಯ ಅಥವಾ ನಿರ್ವಹಣೆಯ ಪದವಿಯನ್ನೇ ಕೇಳುತ್ತವೆ. ಎಂಬಿಎಗೆ ಯಾವ ಪದವಿಯಾದರೂ ನಡೆಯುತ್ತದೆ, ಆದರೆ ಅಲ್ಲಿ ಲೆಕ್ಕಶಾಸ್ತ್ರ ಹತ್ತರಲ್ಲಿ ಒಂದು ವಿಷಯ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಬಿ.ಕಾಂ. ಇದೆ. 2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಒಪ್ಪಿಗೆ ಕೊಟ್ಟಿರುವುದರಿಂದ, ಬಿ.ಎ. ಓದುತ್ತಿರುವಾಗಲೇ ದೂರಶಿಕ್ಷಣದಲ್ಲಿ ಬಿ.ಕಾಂ. ಕೂಡ ಮಾಡಬಹುದು. ಮನಸ್ಸು ಬದಲಾದವರು ಓದುತ್ತಿರುವುದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಗಿಲ್ಲ.

ಹೆಚ್ಚು ಜನರ ಕಣ್ಣು ನೆಟ್ಟಿರುವುದು ಸಿಎ ಮೇಲೆ. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ 1949ರ ಕಾಯ್ದೆಯಡಿ ಹುಟ್ಟಿದ್ದು. ಪಿಯುಸಿ ಮುಗಿಸಿದವರು ಫೌಂಡೇಶನ್ ಪರೀಕ್ಷೆಯಿಂದ ಆರಂಭಿಸಬೇಕು: ಲೆಕ್ಕಶಾಸ್ತ್ರ, ವ್ಯವಹಾರ ಕಾನೂನು, ಗಣಿತ ಹಾಗೂ ಸಂಖ್ಯಾಶಾಸ್ತ್ರ ಕೂಡಿದ ಪತ್ರಿಕೆ, ವ್ಯವಹಾರ ಅರ್ಥಶಾಸ್ತ್ರ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಒಟ್ಟಾರೆ ಶೇ 50 ಅಂಕ ಬೇಕು. ಆರ್ಟ್ಸ್‌ನವರು ಹೆದರುವುದು ಮೂರನೇ ಪತ್ರಿಕೆಗೆ. ಅದರಲ್ಲಿ ಕಲನಶಾಸ್ತ್ರದ ಪ್ರಾಥಮಿಕ ಅಂಶಗಳೂ ಇವೆ, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇದೆ. ಪದವೀಧರರಿಗೆ ಬೇರೆ ದಾರಿ. ವಾಣಿಜ್ಯ ಪದವೀಧರರು ಶೇ 55, ಇತರ ಪದವೀಧರರು ಶೇ 60 ಅಂಕ ಗಳಿಸಿದ್ದರೆ ಫೌಂಡೇಶನ್ ಬರೆಯದೆ ನೇರವಾಗಿ ಎರಡನೇ ಹಂತವಾದ ಇಂಟರ್‌ಗೆ ನೋಂದಾಯಿಸಬಹುದು. ಎಂಟು ತಿಂಗಳ ಓದಿನ ಅವಧಿ ಕಳೆದರೆ ಪರೀಕ್ಷೆಗೆ ಕೂರಬಹುದು. ಕನ್ನಡ ಐಚ್ಛಿಕವಾಗಿ ಓದಿದ ಬಿ.ಎ. ಪದವೀಧರೆಗೂ ಈ ಹಕ್ಕಿದೆ.

ಈ ನೇರ ದಾರಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಗಣಿತದ ಪತ್ರಿಕೆ ತಪ್ಪಿತು ಎಂಬ ಸಮಾಧಾನದಲ್ಲಿ ಇನ್ನೊಂದು ತಪ್ಪಿಹೋದದ್ದು ಗಮನಕ್ಕೆ ಬರುವುದಿಲ್ಲ: ಫೌಂಡೇಶನ್‌ನ ಲೆಕ್ಕಶಾಸ್ತ್ರ. ಇಂಟರ್‌ನ ಮೊದಲ ಪತ್ರಿಕೆಯ ಹೆಸರೇ ಉನ್ನತ ಲೆಕ್ಕಶಾಸ್ತ್ರ. ಲೆಕ್ಕಪತ್ರ ಮಾನದಂಡಗಳು, ಕಂಪನಿಗಳ ವಿಲೀನ, ಒಡೆಯ ಕಂಪನಿ ಮತ್ತು ಅಧೀನ ಕಂಪನಿಗಳ ಲೆಕ್ಕ ಕೂಡಿಸುವುದು, ಇಂಥವೆಲ್ಲ ಅಲ್ಲಿವೆ. ಖರ್ಚು (ಡೆಬಿಟ್) ಯಾವ ಕಡೆ, ಜಮಾ (ಕ್ರೆಡಿಟ್) ಯಾವ ಕಡೆ ಎಂದು ಇನ್ನೂ ತಡವರಿಸುವವರ ಮುಂದೆ ಈ ಪುಸ್ತಕ ತೆರೆದುಕೊಂಡರೆ, ಹದಿನೈದು ದಿನದಲ್ಲಿ ಅವರು ತೀರ್ಮಾನಿಸುವುದು ಒಂದೇ: ಇದು ನಮ್ಮಂಥವರಿಗಲ್ಲ. ಬುದ್ಧಿ ಸಾಲದೆ ಹೀಗಾಯಿತು ಎಂದುಕೊಳ್ಳುತ್ತಾರೆ. ಆದದ್ದು ಒಂದು ಮೆಟ್ಟಿಲು ಬಿಟ್ಟುಹೋದದ್ದು. ಆದ್ದರಿಂದ ನೇರ ಪ್ರವೇಶ ಪಡೆಯುವವರು ನೋಂದಣಿಗೆ ಮೊದಲೇ ಪಿಯುಸಿಯ ಎರಡೂ ವರ್ಷದ ಲೆಕ್ಕಶಾಸ್ತ್ರ ಪಠ್ಯವನ್ನು ಕಡೆಯ ಸಮಸ್ಯೆಯವರೆಗೂ ಬಿಡಿಸಿ ಮುಗಿಸಿರಬೇಕು. ಫೌಂಡೇಶನ್‌ನ ಅಧ್ಯಯನ ಸಾಮಗ್ರಿಯನ್ನು ಸಂಸ್ಥೆ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಪರೀಕ್ಷೆ ಇಲ್ಲದಿದ್ದರೂ ಅದನ್ನು ಓದಬೇಕು.

ಓದುವುದು ಎಂದೆ, ಇಲ್ಲಿ ಆ ಕೆಲಸ ಮಾಡುವುದು ಪೆನ್ನು. ಆರ್ಟ್ಸ್‌ನಲ್ಲಿ ಒಂದು ಅಧ್ಯಾಯವನ್ನು ಎರಡು ಸಲ ಗಮನವಿಟ್ಟು ಓದಿದರೆ ವಿಷಯ ಹಿಡಿತಕ್ಕೆ ಬರುತ್ತದೆ, ನಮ್ಮ ಮಾತಿನಲ್ಲಿ ಬರೆಯಬಹುದು. ಲೆಕ್ಕದ ಪುಸ್ತಕದಲ್ಲಿ ಬಿಡಿಸಿದ ಉದಾಹರಣೆ ಓದುವಾಗ ಎಲ್ಲವೂ ಸ್ಪಷ್ಟ. ಪುಸ್ತಕ ಮುಚ್ಚಿ ಬರೆಯಲು ಕೂತರೆ ಮೂರನೇ ನಮೂದಿಗೆ ಕೈ ನಿಲ್ಲುತ್ತದೆ. ಸಂಗೀತ ಕಲಿಯುವವರು ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿ ಹಾಡಿ ಗಂಟಲಿಗೆ ಇಳಿಸಿಕೊಳ್ಳುವಂತೆ ರೋಜು ನಮೂದು, ಖಾತೆಗೆ ಎತ್ತುವುದು, ತಾಳೆಪಟ್ಟಿ ಹಾಕುವುದು ದಿನವೂ ಕೈಯಿಂದ ಆಗಬೇಕು. ವ್ಯಕ್ತಿ ಖಾತೆಯಲ್ಲಿ ಪಡೆದವರಿಗೆ ಖರ್ಚು, ಕೊಟ್ಟವರಿಗೆ ಜಮಾ. ವಸ್ತು ಖಾತೆಯಲ್ಲಿ ಒಳಬಂದದ್ದಕ್ಕೆ ಖರ್ಚು, ಹೊರಹೋದದ್ದಕ್ಕೆ ಜಮಾ. ನಾಮಮಾತ್ರ ಖಾತೆಯಲ್ಲಿ ವೆಚ್ಚ ನಷ್ಟಗಳಿಗೆ ಖರ್ಚು, ಆದಾಯ ಲಾಭಗಳಿಗೆ ಜಮಾ. ಮೂರೇ ನಿಯಮ, ಕಂಠಪಾಠಕ್ಕೆ ಐದು ನಿಮಿಷ ಸಾಕು. ಆದರೆ ಸಾಲಕ್ಕೆ ಮಾರಿದ ಮಾಲು ಅರ್ಧ ವಾಪಸ್ಸು ಬಂದು, ಉಳಿದರ್ಧದ ಹಣದಲ್ಲಿ ರಿಯಾಯಿತಿ ಕೊಟ್ಟು, ಮಿಕ್ಕದ್ದು ವಸೂಲಾಗದೆ ಮುಳುಗಿದಾಗ ಆ ಮೂರು ನಿಯಮಗಳನ್ನು ತಡೆಯಿಲ್ಲದೆ ಅನ್ವಯಿಸಲು ತಿಂಗಳುಗಳು ಬೇಕಾಗುತ್ತವೆ. ಸಾಹಿತ್ಯ ಓದಿ ಬಂದ ಚುರುಕಾದವರಿಗೇ ಇದು ಹೆಚ್ಚು ಕಷ್ಟ. ಅರ್ಥವಾಯಿತಲ್ಲ, ಇನ್ನೇಕೆ ಬರೆಯುವುದು ಎಂದು ಅವರಿಗನಿಸುತ್ತದೆ.

ಇದೇ ಕಾರಣಕ್ಕೆ ಟ್ಯಾಲಿ ಕೋರ್ಸಿನಿಂದ ಆರಂಭಿಸುವುದು ನನಗೆ ಸರಿ ಕಾಣುವುದಿಲ್ಲ. ಬೆಂಗಳೂರಿನಲ್ಲೇ ಬೆಳೆದ ಆ ತಂತ್ರಾಂಶ ದೇಶದ ಸಣ್ಣ ಅಂಗಡಿಗಳ ಲೆಕ್ಕ ಬರೆಯುವ ರೀತಿಯನ್ನೇ ಬದಲಿಸಿತು. ಆಡಿಟರ್ ಆಫೀಸಿನಲ್ಲಿ ಕೆಲಸ ಸಿಗಬೇಕಾದರೆ ಅದು ಬೇಕೇ ಬೇಕು. ಆದರೆ ಗುಂಡಿ ಒತ್ತಿದ ಕೂಡಲೇ ತಾಳೆಪಟ್ಟಿ ತಾನಾಗಿ ಬರುವುದರಿಂದ, ಒಂದು ನಮೂದು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಹಾಳೆಯ ಮೇಲೆ ಕಲಿತವರು ಟ್ಯಾಲಿಯನ್ನು ಕೆಲವೇ ವಾರಗಳಲ್ಲಿ ಹಿಡಿಯುತ್ತಾರೆ. ಹಿಂದುಮುಂದಾದರೆ ಅಷ್ಟು ಸುಲಭವಲ್ಲ.

ಆರಂಭದ ಈ ದುಡಿಮೆ ಮುಗಿಸಿದವರಿಗೆ ಮುಂದೆ ತಮ್ಮ ಹಳೆಯ ಓದು ಕೈಹಿಡಿಯುವ ಜಾಗಗಳು ಒಂದೊಂದಾಗಿ ಸಿಗುತ್ತವೆ. ಅವುಗಳಲ್ಲಿ ದೊಡ್ಡದು ಲೆಕ್ಕಪರಿಶೋಧನೆ. ಲೆಕ್ಕಪರಿಶೋಧನೆಯ ಮಾನದಂಡಗಳು ಸಾಕ್ಷ್ಯದ ಬಗ್ಗೆ ಹೇಳುವುದನ್ನು ಇತಿಹಾಸದ ವಿದ್ಯಾರ್ಥಿ ಓದಿದರೆ ಪರಿಚಿತರನ್ನು ಕಂಡಂತಾಗುತ್ತದೆ: ಹೊರಗಿನ ಸ್ವತಂತ್ರ ಮೂಲದಿಂದ ಬಂದ ದಾಖಲೆ ಒಳಗಿನವರು ಸಿದ್ಧಪಡಿಸಿದ್ದಕ್ಕಿಂತ ಹೆಚ್ಚು ನಂಬತಕ್ಕದ್ದು, ಮೂಲಪ್ರತಿ ನಕಲಿಗಿಂತ ಮೇಲು, ಬರಹದಲ್ಲಿರುವುದು ಬಾಯಿಮಾತಿಗಿಂತ ಮೇಲು. ಶಾಸನ ಓದುವವರು ನೂರಕ್ಕೂ ಹೆಚ್ಚು ವರ್ಷಗಳಿಂದ ಮಾಡುತ್ತ ಬಂದದ್ದು ಇದನ್ನೇ. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದರು, ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಲಿಪಿ ಹೇಳುವ ಕಾಲಕ್ಕೂ ಬರಹದಲ್ಲಿರುವ ಶಕವರ್ಷಕ್ಕೂ ಹೊಂದುತ್ತದೆಯೇ, ತಿಥಿಗೂ ವಾರಕ್ಕೂ ಕೂಡುತ್ತದೆಯೇ, ಈ ದಾನದಿಂದ ಯಾರಿಗೆ ಲಾಭ, ಬರೆಸಿದವರು ಯಾರು ಎಂಬ ಪ್ರಶ್ನೆಗಳ ಮೇಲೆ ಆ ಚರ್ಚೆ ನಡೆಯಿತು.

ಈಗ 2009ರ ಜನವರಿ 7ನ್ನು ನೆನಪಿಸಿಕೊಳ್ಳಿ. ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರ ಹೊರಬಂದ ದಿನ ಅದು. ಲೆಕ್ಕಪತ್ರದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. ಬ್ಯಾಂಕಿನವೆಂದು ತೋರಿಸಿದ ಕಾಗದಗಳಲ್ಲಿ ಸುಳ್ಳು ಸೃಷ್ಟಿ ಇತ್ತು. ಕೂಡಿಕೆಯಲ್ಲಿ ತಪ್ಪು ಹುಡುಕಿದ್ದರೆ ಇದು ಸಿಗುತ್ತಿರಲಿಲ್ಲ. ಕೂಡಿಕೆ ಸರಿಯಾಗಿಯೇ ಇತ್ತು. ಈ ಕಾಗದ ಎಲ್ಲಿಂದ ಬಂತು, ಯಾರ ಕೈದಾಟಿ ಬಂತು ಎಂದು ಕೇಳುವ ಮನಸ್ಸು ಅಲ್ಲಿ ಬೇಕಾಗಿತ್ತು. ಆ ಮನಸ್ಸನ್ನು ಮೂರು ವರ್ಷ ತರಬೇತಿ ಕೊಟ್ಟು ಬೆಳೆಸುವ ವಿಭಾಗವನ್ನು ನಾವು ಉಳಿದವರ ವಿಭಾಗ ಎಂದು ಕರೆಯುತ್ತೇವೆ ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಇಂಗ್ಲೆಂಡಿನಲ್ಲಿ ಇತಿಹಾಸ, ಭಾಷೆ, ತತ್ತ್ವಶಾಸ್ತ್ರದ ಪದವೀಧರರನ್ನು ಲೆಕ್ಕಪರಿಶೋಧನಾ ಸಂಸ್ಥೆಗಳು ತರಬೇತಿಗೆ ತೆಗೆದುಕೊಳ್ಳುವುದು ಬಹುಕಾಲದ ರೂಢಿ.

ಕಾನೂನಿನ ಪತ್ರಿಕೆಗಳಲ್ಲೂ ಹೀಗೆಯೇ. 1872ರ ಕರಾರು ಕಾಯ್ದೆ, 1932ರ ಪಾಲುದಾರಿಕೆ ಕಾಯ್ದೆ, 2013ರ ಕಂಪನಿ ಕಾಯ್ದೆ, ಇವುಗಳನ್ನು ಓದಿ, ಒಂದು ಸನ್ನಿವೇಶಕ್ಕೆ ಯಾವ ಕಲಂ ಹೊಂದುತ್ತದೆ ಎಂದು ವಾದಿಸಿ ಬರೆಯಲು ರಾಜ್ಯಶಾಸ್ತ್ರದವರಿಗೆ ಅಳುಕಿರುವುದಿಲ್ಲ. ತೆರಿಗೆಯ ವಿಷಯದಲ್ಲಂತೂ ಈಗ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತಿದ್ದಾರೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದು, 2026ರ ಏಪ್ರಿಲ್ 1 ಅದರ ಜಾರಿಯ ದಿನವಾಯಿತು. ಕಲಂಗಳ ಸಂಖ್ಯೆಗಳನ್ನು ದಶಕಗಳಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವರೂ ಮತ್ತೆ ಮೊದಲಿನಿಂದ ಪುಟ ತಿರುವಬೇಕು.

ಭಾಷೆಯ ತೊಡಕನ್ನು ಮುಚ್ಚಿಡಬಾರದು. ಕನ್ನಡ ಮಾಧ್ಯಮದಲ್ಲಿ ಆರ್ಟ್ಸ್ ಓದಿದವರಿಗೆ ಗಣಿತಕ್ಕಿಂತ ದೊಡ್ಡ ಅಡ್ಡಿ ಇದೇ. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಬಿ.ಕಾಂ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು; ಸಿಎ ಪರೀಕ್ಷೆ ಬರೆಯುವುದಾದರೆ ಇಂಗ್ಲಿಷ್ ಅಥವಾ ಹಿಂದಿ. ಆದರೆ ಕನ್ನಡದಲ್ಲಿ ಲೆಕ್ಕ ಬರೆಯುವುದು ನಮಗೆ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡಿದು. ಹಳ್ಳಿಹಳ್ಳಿಯ ಸಂಘಗಳಲ್ಲಿ ರೋಜುಕೀರ್ದಿ, ಖಾತೆ, ಜಮಾ ಖರ್ಚು, ಅಢಾವೆ ಪತ್ರಿಕೆ ಎಲ್ಲವೂ ಕನ್ನಡದಲ್ಲಿ ನಡೆದುಕೊಂಡು ಬಂದಿವೆ. ಅಂಥ ಸಂಘದ ಕಾರ್ಯದರ್ಶಿಯ ಪಕ್ಕದಲ್ಲಿ ಒಂದು ತಿಂಗಳು ಕೂತು ನಿಜವಾದ ಚೀಟಿಗಳಿಂದ ಲೆಕ್ಕ ಬರೆದ ವಿದ್ಯಾರ್ಥಿಗೆ ವಿಷಯ ಕನ್ನಡದಲ್ಲೇ ತಲೆಗೆ ಇಳಿದಿರುತ್ತದೆ. ಆಮೇಲೆ ಇಂಗ್ಲಿಷ್ ಪುಸ್ತಕ ತೆರೆದಾಗ ಕಲಿಯಬೇಕಾದದ್ದು ಹೆಸರುಗಳನ್ನು ಮಾತ್ರ.

ಸಿಎಗೆ ವಯಸ್ಸಿನ ಮಿತಿ ಇಲ್ಲ. ಆದರೆ ಸಮಯದ ಬೆಲೆ ಇದೆ: ಇಂಟರ್‌ನ ಎರಡೂ ಗ್ರೂಪ್ ದಾಟಿದ ಮೇಲೆ ಎರಡು ವರ್ಷದ ಆರ್ಟಿಕಲ್‌ಶಿಪ್ ತರಬೇತಿ, ಆಮೇಲೆ ಫೈನಲ್ ಪರೀಕ್ಷೆ. ಈ ನಡುವೆ ಮನೆಯ ಹೊಣೆ ಹೊರಬೇಕಾದವರು ವಾಸ್ತವ ನೋಡಿ ನಿರ್ಧರಿಸಬೇಕು. ವೆಚ್ಚ ಲೆಕ್ಕಿಗರ ಸಂಸ್ಥೆಯ ಸಿಎಂಎ ಇನ್ನೊಂದು ದಾರಿ. ಅಲ್ಲಿಯೂ ಪದವೀಧರರು ನೇರ ಇಂಟರ್‌ಗೆ ಸೇರಬಹುದು. ಅದರ ನಿಯಮದಲ್ಲಿ ಒಂದು ಹೊರತು ಇದೆ: ಲಲಿತಕಲೆಯ ಪದವಿ ಆಗದು. ಚಿತ್ರಕಲೆ ಓದಿದವರು ಫೌಂಡೇಶನ್ ಪರೀಕ್ಷೆ ಬರೆದೇ ಮುಂದೆ ಹೋಗಬೇಕು. ಈ ಹೊರತಿಗೆ ನನಗೆ ಸಮರ್ಥನೆ ಕಾಣುವುದಿಲ್ಲ. ಲೆಕ್ಕ ಕಲಿಯದೆ ಬಂದವರೆಂಬುದೇ ಕಾರಣವಾದರೆ ಇತಿಹಾಸದವರೂ ಕಲಿತಿಲ್ಲ, ಭೌತಶಾಸ್ತ್ರದವರೂ ಕಲಿತಿಲ್ಲ.

ನಿಯಮ ಬದಲಾಗಲು ವರ್ಷಗಳು ಬೇಕು. ಕಾಲೇಜುಗಳು ಈಗಲೇ ಮಾಡಬಹುದಾದ ಕೆಲಸವೊಂದಿದೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ. ಎರಡೂ ಒಂದೇ ಕಟ್ಟಡದಲ್ಲಿ, ಒಮ್ಮೊಮ್ಮೆ ಎದುರುಬದುರು ಕೊಠಡಿಗಳಲ್ಲಿ ನಡೆಯುತ್ತವೆ. ಶಾಲೆಗಳಲ್ಲಿ ಜೂನ್ ತಿಂಗಳ ಸೇತುಬಂಧ ನಮಗೆಲ್ಲ ಗೊತ್ತು. ಹಿಂದಿನ ತರಗತಿಯ ಕೊರತೆ ತುಂಬಿದ ಮೇಲೆ ಹೊಸ ಪಾಠ. ಅಂಥದೇ ಒಂದು ಸೇತುಬಂಧ ಬಿ.ಕಾಂ. ಸೇರುವ ಆರ್ಟ್ಸ್ ವಿದ್ಯಾರ್ಥಿಗಳಿಗೆ, ಸಿಎ ಬರೆಯಬೇಕೆನ್ನುವ ಬಿ.ಎ. ಪದವೀಧರರಿಗೆ ಬೇಕು. ರೋಜು ನಮೂದಿನಿಂದ ಹಿಡಿದು ಅಂತಿಮ ಲೆಕ್ಕಗಳವರೆಗೆ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ, ದಿನಕ್ಕೆ ಎರಡು ಗಂಟೆಯಂತೆ ಒಂದು ಬೇಸಿಗೆ ರಜೆ ಸಾಕು. ಪಾಠ ಮಾಡಲು ವಾಣಿಜ್ಯದ ಮೇಷ್ಟ್ರು ಅಲ್ಲೇ ಇದ್ದಾರೆ, ಕೊಠಡಿಗಳು ಖಾಲಿ ಇವೆ, ಅಭ್ಯಾಸಕ್ಕೆ ಬೇಕಾದ ನಿಜವಾದ ಚೀಟಿಗಳು ಊರಿನ ಹಾಲಿನ ಡೇರಿಯಲ್ಲಿವೆ. ಯಾವ ಕಾಲೇಜಾದರೂ ಮುಂದಿನ ಏಪ್ರಿಲ್‌ನಲ್ಲಿ ಇದನ್ನು ಆರಂಭಿಸುವುದಾದರೆ, ಬಿ.ಎ. ಕೊನೆಯ ವರ್ಷದವರ ಸೂಚನಾ ಫಲಕಕ್ಕೆ ಜನವರಿಯಲ್ಲೇ ಒಂದು ಹಾಳೆ ಅಂಟಿಸಬೇಕು.